ಎಂಎಸ್ ತಡವಾಗಿ ಪತ್ತೆಯಾಗುವುದೇಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳನ್ನು ಸುತ್ತಿರುವ ಮಯಲಿನ್ ಪೊರೆಯನ್ನು ಹಾಳುಗೆಡವುತ್ತದೆ. ಇದು ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ, ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಒಂದು ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ವಿಪರೀತ ಸುಸ್ತು ಇದರ ಆರಂಭಿಕ ಲಕ್ಷಣಗಳು. ಎಷ್ಟೋ ಸಲ ಇವು ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುವುದರಿಂದ ರೋಗಿ ವೈದ್ಯರ ಬಳಿಗೆ ಹೋಗುವುದಿಲ್ಲ. ಹೋದರೂ ಕಣ್ಣಿಗೊಬ್ಬರು, ಕಾಲಿಗೊಬ್ಬರು ವೈದ್ಯರಾದಾಗ ಲಕ್ಷಣಗಳ ನಂಟು ಯಾರಿಗೂ ಹೊಳೆಯುವುದಿಲ್ಲ. ಬಿ12 ಕೊರತೆ, ಮಾನಸಿಕ ಒತ್ತಡ ಎಂದುಕೊಳ್ಳುವುದೂ ಉಂಟು.

ರೋಗವನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ತಪಾಸಣೆ, ಎಂಆರ್‌ಐ, ಬೆನ್ನುಹುರಿ ದ್ರವದ ಪರೀಕ್ಷೆಗಳ ಫಲಿತಾಂಶವನ್ನು 2001ರಲ್ಲಿ ರೂಪುಗೊಂಡು ಆಮೇಲೆ ಪರಿಷ್ಕೃತವಾದ ಮ್ಯಾಕ್‌ಡೊನಾಲ್ಡ್ ಮಾನದಂಡಗಳಿಗೆ ಒರೆಹಚ್ಚಿ ನರರೋಗ ತಜ್ಞರು ನಿರ್ಧರಿಸುತ್ತಾರೆ. ಬೇಗ ಚಿಕಿತ್ಸೆ ಆರಂಭಿಸಿದರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ. ಆದ್ದರಿಂದ ದಿನಗಟ್ಟಲೆ ಉಳಿಯುವ ಜೋಮನ್ನಾಗಲಿ, ದೃಷ್ಟಿಯ ಮಂಜನ್ನಾಗಲಿ ಕಡೆಗಣಿಸಬಾರದು.