ಚೆಂಡು ನಮ್ಮತ್ತ ಬರದಿದ್ದಾಗ

‘ಮೆಸೇಜ್ ನೋಡಿದ್ದಾರೆ, ನೀಲಿ ಟಿಕ್ ಬಂದಿದೆ, ಉತ್ತರ ಮಾತ್ರ ಇಲ್ಲ. ಇಷ್ಟಕ್ಕೇ ಮನಸ್ಸು ಮುದುಡುತ್ತದಲ್ಲ, ಇದು ನನ್ನ ದೌರ್ಬಲ್ಯವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಅಲ್ಲ. ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಒಂದು ಚೆಂಡಾಟ ಕಾರಣ.

ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ನಾಯಿ ಜೊತೆ ಪಾರ್ಕಿನಲ್ಲಿದ್ದಾಗ ಫ್ರಿಸ್ಬಿ ತಟ್ಟೆಯೊಂದು ಅವರ ಬಳಿ ಬಂದು ಬಿತ್ತು. ಆಡುತ್ತಿದ್ದ ಇಬ್ಬರು ಅಪರಿಚಿತರತ್ತ ಅದನ್ನು ಎಸೆದರು. ಅವರು ಮತ್ತೆ ಇವರತ್ತ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಇದ್ದಕ್ಕಿದ್ದಂತೆ ಅವರಿಬ್ಬರೇ ಆಡಿಕೊಳ್ಳತೊಡಗಿದರು. ಹೆಸರೂ ಗೊತ್ತಿಲ್ಲದವರು ಹೊರಗಿಟ್ಟಿದ್ದಕ್ಕೆ ಇಷ್ಟು ನೋವೇಕೆ ಎಂದು ಯೋಚಿಸಿದ ವಿಲಿಯಮ್ಸ್, ಅದನ್ನೇ ಪ್ರಯೋಗವಾಗಿಸಿದರು.

ಅದು ‘ಸೈಬರ್‌ಬಾಲ್’ ಎಂಬ ಕಂಪ್ಯೂಟರ್ ಆಟ. ಪರದೆಯ ಮೇಲೆ ಮೂವರು. ಅವರಲ್ಲಿ ಒಬ್ಬರು ನೀವು. ಮೊದಮೊದಲು ಚೆಂಡು ನಿಮಗೂ ಬರುತ್ತದೆ, ನಂತರ ಉಳಿದಿಬ್ಬರ ನಡುವೆಯೇ ಓಡಾಡುತ್ತದೆ. 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 62 ದೇಶಗಳ 1,486 ಮಂದಿ ಇಂಥ ಆಟವನ್ನು ಇಂಟರ್ನೆಟ್‌ನಲ್ಲಿ ಆಡಿದರು. ಚೆಂಡು ಸಿಗದಷ್ಟೂ ಬೇಸರ ಹೆಚ್ಚಿತು. ಇನ್ನೂ ಸ್ವಾರಸ್ಯದ ಫಲಿತಾಂಶ 2004ರದ್ದು. ಎದುರಿಗಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದ್ದರೂ ಆಡಿದವರು ನೊಂದುಕೊಂಡರು! ‘ಯಾರು, ಏಕೆ’ ಎಂದು ಬುದ್ಧಿ ವಿಚಾರಿಸುವ ಮೊದಲೇ ನೋವು ಹುಟ್ಟಿರುತ್ತದೆ. ಬುದ್ಧಿ ಸಮಾಧಾನ ಹೇಳುವುದು ಆಮೇಲಿನ ಕೆಲಸ.

2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಎಂಆರ್‌ಐ ಯಂತ್ರದೊಳಗೆ ಇದೇ ಆಟ ಆಡಿಸಿದರು. ಪೆಟ್ಟು ಬಿದ್ದಾಗ ಚುರುಕಾಗುವ ಮಿದುಳಿನ ಒಂದು ಭಾಗ, ಹೊರಗಿಟ್ಟಾಗಲೂ ಚುರುಕಾಯಿತು. ಪ್ರಯೋಗಕ್ಕೆ ಒಳಪಟ್ಟವರು ಕೇವಲ 13 ಜನ. ಆದರೂ ‘ಮುರಿದ ಮನಸ್ಸೂ ಮುರಿದ ಮೂಳೆಯೂ ಮಿದುಳಿಗೆ ಒಂದೇ’ ಎಂಬಂಥ ಪ್ರಚಾರ ಹಬ್ಬಿತು. ಈ ಮಾತನ್ನು ನಾನು ಒಪ್ಪಲಾರೆ. ಮಿದುಳಿನ ಆ ಭಾಗ ಇನ್ನೂ ಹತ್ತಾರು ಕೆಲಸಗಳಲ್ಲಿ ಕೈಜೋಡಿಸುತ್ತದೆ. 2014ರಲ್ಲಿ ಟಾರ್ ವೇಗರ್ ಅವರ ತಂಡ, ಪ್ರೇಮ ಮುರಿದುಬಿದ್ದವರಿಗೆ ಬಿಟ್ಟುಹೋದವರ ಫೋಟೊ ತೋರಿಸಿ, ಬೇರೆಯಾಗಿ ತೋಳಿಗೆ ಬಿಸಿ ತಾಗಿಸಿ ಹೋಲಿಸಿ ನೋಡಿತು. ಜಾಗ ಒಂದೇ ಆಗಿದ್ದರೂ ಎರಡು ನೋವುಗಳು ಅಲ್ಲಿ ಮೂಡಿಸುವ ವಿನ್ಯಾಸ ಬೇರೆ ಬೇರೆ ಎಂದು ಗೊತ್ತಾಯಿತು. ಮನಸ್ಸಿನ ನೋವು ನಿಜವಾದದ್ದು ಎಂದು ಸಾಬೀತುಪಡಿಸಲು ಅದು ಮೈನೋವಿನ ನಕಲು ಆಗಬೇಕಾಗಿಲ್ಲ.

ಹಾಗಾದರೆ ಈ ನೋವು ಇರುವುದಾದರೂ ಏಕೆ? 1995ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಮಾರ್ಕ್ ಲಿಯರಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ನಮ್ಮವರು ಬೇಕು ಎಂಬುದು ಹಸಿವಿನಂಥದು. ಗುಂಪಿನಿಂದ ದೂರಾದ ಆದಿಮಾನವ ಬದುಕುಳಿಯುವುದು ಕಷ್ಟವಿತ್ತು. ಹಾಗಾಗಿ, ಹೊಟ್ಟೆ ಖಾಲಿಯಾದಾಗ ಸಂಕಟವಾಗುವಂತೆ, ಸಂಬಂಧ ಸಡಿಲವಾದಾಗಲೂ ಸಂಕಟವಾಗುತ್ತದೆ. ಹೊಟ್ಟೆ ತುಂಬಿದವರಿಗೆ ಇನ್ನಷ್ಟು ಬಡಿಸಿದರೆ ಬೇಡವಾಗುವ ಹಾಗೆ, ನಾಲ್ಕಾರು ಆಪ್ತರಿರುವವರು ಹೊಸ ಸ್ನೇಹಕ್ಕೆ ಅಷ್ಟಾಗಿ ಹಾತೊರೆಯುವುದಿಲ್ಲ. ಈ ಹಸಿವು ಇಂಗಬೇಕಾದರೆ ಎರಡೂ ಬೇಕು: ಆಗಾಗ ಹಿತವಾದ ಒಡನಾಟ, ಮತ್ತು ‘ಇವರು ನನ್ನ ಕೈಬಿಡುವುದಿಲ್ಲ’ ಎಂಬ ಭರವಸೆ.

ಆ ಭರವಸೆಯ ಬಲವನ್ನು 2006ರಲ್ಲಿ ಜೇಮ್ಸ್ ಕೋನ್ ಅಳೆದು ತೋರಿಸಿದರು. 16 ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಸಣ್ಣ ಶಾಕ್ ಹೊಡೆಯಬಹುದು ಎಂದು ಎಚ್ಚರಿಸಲಾಯಿತು. ಒಂಟಿಯಾಗಿದ್ದಾಗ ಮಿದುಳಿನಲ್ಲಿ ಭೀತಿಯ ಗಲಿಬಿಲಿ ಹೆಚ್ಚಿತ್ತು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ತಗ್ಗಿತು. ಗಂಡನ ಕೈ ಹಿಡಿದಾಗ ಇನ್ನೂ ತಗ್ಗಿತು. ದಾಂಪತ್ಯ ಚೆನ್ನಾಗಿದ್ದಷ್ಟೂ ಈ ಉಪಶಮನ ಹೆಚ್ಚು. ಮದುವೆಯಾಗಿದ್ದರಷ್ಟೇ ಸಾಲದು, ಅದರಲ್ಲಿ ನಂಬಿಕೆಯೂ ಇರಬೇಕು.

ಫೋನಿನಲ್ಲಿ ಸಾವಿರ ನಂಬರ್‌ಗಳಿದ್ದೂ ಒಂಟಿತನ ಕಾಡುವುದೇಕೆ, ಇಬ್ಬರೇ ಗೆಳತಿಯರಿರುವ ಅಜ್ಜಿ ನೆಮ್ಮದಿಯಾಗಿರುವುದು ಹೇಗೆ ಎಂಬುದು ಇದರಿಂದ ಅರ್ಥವಾಗುತ್ತದೆ. ಊರಿನಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನಿಗೆ ವರ್ಷಕ್ಕೊಮ್ಮೆ ಅದ್ದೂರಿ ಸಮಾರಂಭ ಮಾಡುವುದಕ್ಕಿಂತ, ಪ್ರತಿ ಭಾನುವಾರ ತಪ್ಪದೆ ಮಾತಾಡುವುದು ಮೇಲು.