ಬೀದರಿನ ಝರಿಗಳನ್ನು ಕಂಡು ಬಂದೆವು

ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಬೀದರ ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ರಾಜ್ಯದಲ್ಲಿದ್ದವು. ಆದರೂ ಕೋಟೆ ನೋಡಿ ಸಂಜೆಗೆ ಮರಳುವವರೇ ನಮ್ಮಲ್ಲಿ ಹೆಚ್ಚು. ಈ ಸಲ ನಾಲ್ಕು ಮನೆಯವರು ಕೂಡಿ, ಸುಮಾರು 140 ಕಿಲೋಮೀಟರ್ ದಾರಿ ಸವೆಸಿ, ಅಲ್ಲಿಯ ನೀರನ್ನು ನೋಡಲೆಂದೇ ಹೋಗಿದ್ದೆವು.

ಊರು ನಿಂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ತೂತುತೂತಾದ ಈ ಕೆಂಗಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿ ಮತ್ತು ಕರಿಗಲ್ಲು ಅದನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ತಡೆದ ನೀರು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಝರಿ ಇದ್ದಲ್ಲೆಲ್ಲ ಒಂದು ಪುಣ್ಯಸ್ಥಳ!

ಪಾಪನಾಶದ ಶಿವಾಲಯದ ಬುಡದಲ್ಲಿ ಹುಟ್ಟಿದ ಝರಿ ಕೆಳಗಿನ ಕೆರೆಯನ್ನು ಸೇರುತ್ತದೆ. ಲಂಕೆಯಿಂದ ಮರಳುವಾಗ ಶ್ರೀರಾಮನು ಇಲ್ಲಿ ಲಿಂಗವನ್ನು ಸ್ಥಾಪಿಸಿದನೆಂದು ಪ್ರತೀತಿ. ನಾನಕ ಝೀರಾದಲ್ಲಿ, ಗುರುನಾನಕರು ಪಾದುಕೆಯಿಂದ ಕಲ್ಲು ಸರಿಸಿ ಸಿಹಿನೀರು ಬರಿಸಿದರೆಂದು ಸಿಖ್ ಭಕ್ತರು ನಂಬುತ್ತಾರೆ. ಝರಣಿ ನರಸಿಂಹನ ದರ್ಶನಕ್ಕಾದರೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಆ ನೀರಿನಿಂದ ಚರ್ಮರೋಗ ವಾಸಿಯಾಗುವುದೆಂದು ಜನರ ನಂಬಿಕೆ. ದರ್ಶನ ಮುಚ್ಚಿರುವುದೂ ಉಂಟು; ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಮ್ಮೊಡನೆ ಬಂದಿದ್ದ ಅಜ್ಜಿ ಚಿಕ್ಕಂದಿನಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಆ ಗುಹೆ ದಾಟಿದ್ದರಂತೆ. ಈಗ ಮೊಣಕಾಲು ಕೇಳಲಿಲ್ಲ. ಮೊಮ್ಮಗ ಚೊಂಬಿನಲ್ಲಿ ನೀರು ತಂದು ತಲೆಯ ಮೇಲೆ ಹಾಕಿದ. “ಇಷ್ಟೇ ಸಾಕಪ್ಪ, ನೀರು ಇನ್ನೂ ಬರ್ತದಲ್ಲ” ಎಂದರು ಅಜ್ಜಿ.

ಆ ಮಾತು ನೌಬಾದಿನಲ್ಲಿ ನಮಗೆ ಮತ್ತೆ ನೆನಪಾಯಿತು. ಬಹಮನಿ ಸುಲ್ತಾನ ಅಹಮದ್ ಷಾ ಸುಮಾರು 1430ರಲ್ಲಿ ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ. ಬಹಮನಿಗಳ ಕಾಲದಲ್ಲೇ ಪಾರಸೀಕ ವಿದ್ಯೆಯಿಂದ ಇಲ್ಲಿ ‘ಕರೇಜ್’ ಎಂಬ ನೆಲದಡಿಯ ಕಾಲುವೆಯನ್ನು ಕೊರೆದರು. ಗಾಳಿಬೆಳಕಿಗಾಗಿ ತೋಡಿದ ಬಾವಿಗಳ ಸಾಲನ್ನೇ ಜಾಡು ಹಿಡಿದು ನಾವು ನಡೆದೆವು. ಕಾಲಡಿಯಲ್ಲಿ ನೀರಿದೆಯೆಂದು ತಿಳಿದು ಮಕ್ಕಳಿಗೆ ಸೋಜಿಗ. ಹಿಂದೆ ಹೂಳು ತುಂಬಿಹೋಗಿದ್ದ ಕಾಲುವೆಯಲ್ಲಿ ಕಳೆದ ದಶಕದಲ್ಲಿ ಹೂಳೆತ್ತುವ ಕೆಲಸ ನಡೆಯಿತು.

ಆದರೆ ಹೂಳು ತೆಗೆದರಷ್ಟೇ ಸಾಲದು. ದಿಬ್ಬದ ಮೇಲೆ ಮಳೆ ಇಂಗಲು ಬಯಲಿರಬೇಕು; ಎಲ್ಲವನ್ನೂ ಸಿಮೆಂಟಿನಿಂದ ಮುಚ್ಚಿದರೆ ಕೆಳಗಿನ ಝರಿಗೆ ನೀರೆಲ್ಲಿಂದ ಬಂದೀತು? ಕೋಟೆಯ ಕಲ್ಲು ಬಿದ್ದರೆ ಎತ್ತಿ ಕಟ್ಟಬಹುದು, ಬತ್ತಿದ ಝರಿಯನ್ನು ಕಟ್ಟಿ ತರಲಾಗದು. ಓದುಗರೂ ಒಮ್ಮೆ ಮನೆಮಂದಿಯೊಡನೆ ಹೋಗಿಬರಲಿ. ಅಜ್ಜಿಯರಿದ್ದರೆ ಚೊಂಬೊಂದು ಜೊತೆಗಿರಲಿ.