ಹಿಂಗಾರಿನ ಮೊದಲ ತಿಂಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಮುಂದುವರಿದರೆ ಎಡಗಡೆಯಲ್ಲಿ ಶಿವಗಂಗೆಯ ಬೆಟ್ಟ ಕಾಣಿಸಿಕೊಳ್ಳುತ್ತದೆ. ಅದರ ನೆರೆಯಲ್ಲಿ, ರಸ್ತೆಯ ಮೇಲೆಯೇ ಇರುವ ಊರು ದಾಬಸ್‌ಪೇಟೆ. ಕಮಿಷನರುಗಳು ಮೈಸೂರು ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ ಈ ಪ್ರಾಂತದ ಅಧಿಕಾರಿಯಾಗಿದ್ದ ಡಾಬ್ಸ್ ಎಂಬ ಆಂಗ್ಲನ ಹೆಸರು ಈ ಊರಿಗೆ ನಿಂತಿದೆ. ಅಕ್ಟೋಬರ್ ತಿಂಗಳ ನಡುವೆ ಈ ದಾರಿಯಾಗಿ ಸಂಜೆಯ ಹೊತ್ತು ಪ್ರಯಾಣ ಮಾಡಿದವರಿಗೆ ಒಂದು ವಿಚಿತ್ರ ಅನುಭವವಾಗಿರಬಹುದು. ನೆಲಮಂಗಲದಲ್ಲಿ ರಸ್ತೆ ಒಣಗಿ ಧೂಳೇಳುತ್ತಿರುತ್ತದೆ. ಕೆಲವು ಮೈಲಿ ಹೋಗುವುದರೊಳಗೆ ಗುಡುಗು, ಸಿಡಿಲು. ಮುಂದಿನ ಗಾಡಿ ಕಾಣದಂತಹ ಮಳೆ. ದಾಬಸ್‌ಪೇಟೆಯನ್ನು ಬಿಟ್ಟು ಸ್ವಲ್ಪ ದೂರ ಸಾಗಿದರೆ ಮತ್ತೆ ಒಣ ನೆಲ, ತಿಳಿಯಾದ ಆಕಾಶ. ಅದೇ ತಿಂಗಳ ಕೊನೆಯ ವಾರದಲ್ಲಿ ಹೋದರೆ ನೋಟವೇ ಬೇರೆ. ಗುಡುಗಿನ ಸದ್ದಿಲ್ಲ; ಬೆಟ್ಟದ ತಲೆ ಮೋಡದಲ್ಲಿ ಮರೆಯಾಗಿ, ಎರಡು ದಿನ ಬಿಡದೆ ಸೋನೆ ಹಿಡಿದಿರುತ್ತದೆ.

ಒಂದೇ ಊರಿನಲ್ಲಿ, ಒಂದೇ ತಿಂಗಳಿನಲ್ಲಿ, ಇಷ್ಟು ಭಿನ್ನವಾದ ಎರಡು ಮಳೆಗಳು ಹೇಗೆ ಬರುತ್ತವೆ? ಯಾವ ಮಳೆಯಿಂದ ಯಾರಿಗೆ ಪ್ರಯೋಜನ? ಈ ಪ್ರಶ್ನೆಗಳನ್ನು ಕೊಂಚ ವಿಚಾರ ಮಾಡುವುದು ಈ ಭಾಷಣದ ಉದ್ದೇಶ. ಪಟ್ಟಣದಲ್ಲಿರುವ ನಮಗೆ ಇದರಿಂದ ಏನಾಗಬೇಕಾಗಿದೆ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಉತ್ತರವೂ ಕೊನೆಯಲ್ಲಿ ದೊರೆಯುತ್ತದೆ.

ಮಳೆಯ ಮಾತೆತ್ತಿದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕರಾವಳಿ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ಬೆಂಗಳೂರಿನಲ್ಲಿ ವರ್ಷವೆಲ್ಲ ಬೀಳುವ ಮಳೆಯನ್ನು ಸರಿಗಟ್ಟುತ್ತದೆ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳಿಗೆ ಎದುರಾಗಿ ಮೇಲಕ್ಕೇರಬೇಕಾಗುತ್ತದೆ. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತಾನು ಹೊತ್ತು ತಂದ ಆವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದು. ಹೀಗೆ ಹೊರೆಯ ಬಹುಭಾಗವನ್ನು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇಳಿಸಿದ ಮೇಲೆಯೇ ಆ ಗಾಳಿ ಘಟ್ಟವಿಳಿದು ಬಯಲು ಸೀಮೆಗೆ ಬರುವುದು. ಆದುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ದಾಬಸ್‌ಪೇಟೆಯ ಮೇಲೆ ಮೋಡಗಳ ಮೆರವಣಿಗೆ ನಡೆದರೂ ಬೀಳುವುದು ತುಂತುರು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ಪ್ರದೇಶಕ್ಕೆ ಪಶ್ಚಿಮದ ಕಡಲು 250 ಕಿಲೋಮೀಟರಿಗಿಂತ ಹೆಚ್ಚು ದೂರ. ಪೂರ್ವದ ಕಡಲು 300 ಕಿಲೋಮೀಟರಿಗಿಂತ ಹೆಚ್ಚು ದೂರ. ಎರಡು ಕಡಲುಗಳ ಉಪಕಾರವೂ ಇದಕ್ಕೆ ಬೇಕು. ಯಾವುದರ ಮಡಿಲಿನಲ್ಲಿಯೂ ಇದು ಇಲ್ಲ. ಆ ಎರಡು ಉಪಕಾರಗಳು ಕೈ ಬದಲಾಯಿಸುವ ಕಾಲವೇ ಅಕ್ಟೋಬರ್.

ನಮ್ಮ ರೈತರು ಈ ತಿಂಗಳನ್ನು ಮಳೆ ನಕ್ಷತ್ರಗಳಿಂದ ಅಳೆಯುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಮಳೆಯೆಂದು ಹೆಸರು. ಸೆಪ್ಟೆಂಬರ್ ಕೊನೆಯ ದಿನಗಳಿಂದ ಹಸ್ತ. ಅಕ್ಟೋಬರ್ ಎರಡನೆಯ ವಾರದಿಂದ ಚಿತ್ತೆ. 24ನೆಯ ತಾರೀಖಿನ ಸುಮಾರಿನಿಂದ ಸ್ವಾತಿ. ನಕ್ಷತ್ರವು ಮಳೆಯನ್ನು ಸುರಿಸುವುದಿಲ್ಲ, ನಿಜ. ಆದರೆ ಸೂರ್ಯನ ಗತಿಯನ್ನು ಅನುಸರಿಸಿದ ಲೆಕ್ಕವಾದ್ದರಿಂದ ಇದು ಋತುವಿನ ಲೆಕ್ಕವೇ ಆಗಿದೆ. ಹವಾಮಾನ ಇಲಾಖೆಯ ಪಂಚಾಂಗವೂ ಇದಕ್ಕೆ ಬಹಳ ದೂರವಿಲ್ಲ. ಆ ಇಲಾಖೆಯ ಎಣಿಕೆಯಂತೆ ಸಾಧಾರಣ ವರ್ಷಗಳಲ್ಲಿ ನೈಋತ್ಯ ಮಾರುತವು ಸೆಪ್ಟೆಂಬರ್ ನಡುವೆ ರಾಜಸ್ಥಾನದ ಕಡೆಯಿಂದ ಹಿಂಜರಿಯತೊಡಗಿ, ಅಕ್ಟೋಬರ್ 15ರ ಹೊತ್ತಿಗೆ ದೇಶವನ್ನು ಬಿಡುತ್ತದೆ; 20ರ ಸುಮಾರಿಗೆ ಪೂರ್ವ ಕರಾವಳಿಯಲ್ಲಿ ಈಶಾನ್ಯ ಮಾರುತದ ಮಳೆ ಮೊದಲಾಗುತ್ತದೆ. ಒಂದು ಗಾಳಿ ಸೋತು ಮತ್ತೊಂದು ಗಾಳಿ ಇನ್ನೂ ಬಲಗೊಳ್ಳದ ಈ ಸಂಧಿಕಾಲವೇ ಚಿತ್ತೆ.

ಚಿತ್ತೆಗೆ ಹಳ್ಳಿಯವರು ‘ಕುರುಡು ಚಿತ್ತೆ’ ಎಂದು ಹೆಸರಿಟ್ಟಿದ್ದಾರೆ. ಒಬ್ಬನ ಹೊಲ ತೊಯ್ದು, ಬದುವಿನಾಚೆಯ ಹೊಲ ಒಣಗಿಯೇ ಉಳಿಯುವಂತೆ ಕಣ್ಣಿಲ್ಲದವನು ಎರಚಿದ ಹಾಗೆ ಬೀಳುವ ಮಳೆ ಅದು. ಈ ಹೆಸರಿನಲ್ಲಿ ಅಡಗಿರುವ ಅವಲೋಕನ ಬಹು ಸೂಕ್ಷ್ಮವಾದುದು. ಆ ದಿನಗಳಲ್ಲಿ ಮೋಡಗಳನ್ನು ದೂರದಿಂದ ಹೊತ್ತು ತರುವ ಬಲವಾದ ಗಾಳಿ ಇರುವುದಿಲ್ಲ. ಹಿಂದಿನ ಮಳೆಗಳಿಂದ ನೆಲ ತೇವವಾಗಿರುತ್ತದೆ; ಮಧ್ಯಾಹ್ನದ ಬಿಸಿಲೋ ಚುರುಕಾಗಿರುತ್ತದೆ. ನೆಲದ ಬಳಿಯ ಗಾಳಿ ಕಾದು, ಹಗುರವಾಗಿ, ಆವಿಯೊಡನೆ ಕಂಬದಂತೆ ಮೇಲೇಳುತ್ತದೆ. ಎರಡು ಮೂರು ಗಂಟೆಯ ವೇಳೆಗೆ ಹೂಕೋಸಿನ ತಲೆಯಂತೆ ಉಬ್ಬುವ ಬಿಳಿಯ ಮೋಡವು ಸಂಜೆಯ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಮಿಕ್ಕ ಎತ್ತರಕ್ಕೆ ಬೆಳೆದು, ಗುಡುಗಿ ಸುರಿದು, ಗಂಟೆ ಎರಡು ಗಂಟೆಗಳಲ್ಲಿ ಕರಗಿಹೋಗುತ್ತದೆ. ಅದರ ಎತ್ತರಕ್ಕೆ ಹೋಲಿಸಿದರೆ ಅದು ನೆಲದ ಮೇಲೆ ಹಬ್ಬುವ ಅಗಲ ಹೆಚ್ಚಲ್ಲ, ಕೆಲವೇ ಕಿಲೋಮೀಟರುಗಳು. ಅದು ಎಲ್ಲಿ ಎದ್ದಿತೋ ಅಲ್ಲಿಯೇ, ಅಥವಾ ಅಲ್ಲಿಂದ ತುಸು ಸರಿದು, ಬೀಳುತ್ತದೆ. ನೆಲಮಂಗಲ ಒಣಗಿ ದಾಬಸ್‌ಪೇಟೆ ತೊಯ್ಯುವುದಕ್ಕೆ ಇದೇ ಕಾರಣ.

ಸ್ವಾತಿಯ ಮಳೆಯ ಹುಟ್ಟೂರು ಬೇರೆ. ಈ ವೇಳೆಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ಬಂಗಾಳ ಕೊಲ್ಲಿಯ ಬೆಚ್ಚಗಿನ ನೀರಿನ ಮೇಲೆ ಅಲ್ಲಲ್ಲಿ ವಾಯುಭಾರ ಕುಸಿದು, ಸುತ್ತಲಿನ ಗಾಳಿ ಅತ್ತ ಸುಳಿಯುತ್ತದೆ. ಈ ಸುಳಿ ಪಶ್ಚಿಮಕ್ಕೆ ಸಾಗಿ ಚೆನ್ನೈನ ಆಸುಪಾಸಿನಲ್ಲಿ ದಡ ಸೇರಿತೆಂದರೆ, ಅಲ್ಲಿ ಬೀದಿಗಳು ಹೊಳೆಯಾಗುತ್ತವೆ. ಒಂದೆರಡು ದಿನಗಳಲ್ಲಿ ಅದರ ಸೆರಗು ನಮ್ಮ ಪ್ರಸ್ಥಭೂಮಿಯನ್ನು ಮುಚ್ಚುತ್ತದೆ. ಚೆನ್ನೈ ತನ್ನ ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಪಡೆಯುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳಲ್ಲಿ. ಆ ಕಡಲೂರಿಗೆ ಅದು ಪ್ರಧಾನ ಮಳೆಗಾಲ. ನಮಗೆ ಅದರ ಶೇಷ. ಘಟ್ಟವೇರಿ ಬರುವಷ್ಟರಲ್ಲಿ ಅದರ ಉಗ್ರತೆ ಇಳಿದು, ಮೋಡದ ಹಾಸು ನೂರಾರು ಮೈಲಿ ಹರಡಿ, ಕುರುಡಿಲ್ಲದೆ ಎಲ್ಲರ ಹೊಲಕ್ಕೂ ಸಮನಾಗಿ ಹನಿಯುತ್ತದೆ.

ಇನ್ನು ಈ ಮಳೆಗಳಿಗಾಗಿ ಕಾದಿರುವ ಪೈರಿನ ಕಡೆಗೆ ನೋಡೋಣ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿತ್ತಿದ ರಾಗಿ ಅಕ್ಟೋಬರಿನಲ್ಲಿ ತೆನೆಯೊಡೆದು ಕಾಳು ಕಟ್ಟುತ್ತಿರುತ್ತದೆ. ಬೆಳೆಯುವ ಕಾಲದಲ್ಲಿ ಹದಿನೈದು ದಿನ ಮಳೆ ತಡೆದರೂ ರಾಗಿ ತಾಳಿಕೊಳ್ಳುತ್ತದೆ. ತೆನೆ ಹಾಲು ತುಂಬುವ ಕಾಲದಲ್ಲಿ ತೇವ ತಪ್ಪಿದರೆ ಕಾಳು ಜೊಳ್ಳು. ಹಾಗೆಂದು ಮಳೆ ಹೆಚ್ಚಾದರೂ ಕ್ಷೇಮವಿಲ್ಲ. ಬಿರುಮಳೆಗೆ ತೆನೆಯ ಭಾರದಿಂದ ಪೈರು ಮಲಗುತ್ತದೆ. ದಿನಗಟ್ಟಲೆ ಎಲೆ ಒದ್ದೆಯಾಗಿದ್ದರೆ ಬೆಂಕಿ ರೋಗ ಹಬ್ಬುತ್ತದೆ. ಅಕ್ಕಡಿ ಸಾಲಿನಲ್ಲಿರುವ ಅವರೆಗೆ ಬೇಕಾದುದು ಇನ್ನೊಂದು ಬಗೆಯ ಕೃಪೆ. ಮಳೆ ಕಳೆದು ಚಳಿಗಾಲದ ಇಬ್ಬನಿ ಬಿದ್ದರಲ್ಲವೆ ಅವರೆಕಾಯಿಗೆ ಸೊಗಡು! ಆದುದರಿಂದ ಈ ತಿಂಗಳು ಎಷ್ಟು ಮಳೆಯಾಯಿತೆಂಬ ಒಂದೇ ಅಂಕಿಯಿಂದ ರೈತನ ಭಾಗ್ಯವನ್ನು ತಿಳಿಯಲಾಗದು. ಯಾವ ವಾರದಲ್ಲಿ, ಯಾವ ಬಗೆಯ ಮಳೆ ಬಂತೆಂಬುದನ್ನೂ ಕೇಳಬೇಕು.

ಸರಾಸರಿಯ ಮಾತಂತೂ ಈ ಸೀಮೆಯಲ್ಲಿ ಇನ್ನೂ ಮೋಸಗೊಳಿಸುವಂತಹುದು. ಬೆಂಗಳೂರಿನಲ್ಲಿ ವರ್ಷದ ಅತ್ಯಧಿಕ ಮಳೆಯ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಸರಾಸರಿಯಾಗಿ ಇನ್ನೂರು ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಅಕ್ಟೋಬರಿನಲ್ಲಿ, 2005ರಲ್ಲಿ ಆರುನೂರಕ್ಕೂ ಮೀರಿ ಸುರಿಯಿತು. 2022ರಲ್ಲಿ ಅಕ್ಟೋಬರ್ ಮುಗಿಯುವುದರೊಳಗೇ ಬೆಂಗಳೂರಿನ ವರ್ಷದ ಮಳೆ 1,700 ಮಿಲಿಮೀಟರನ್ನು ದಾಟಿ ಹಳೆಯ ದಾಖಲೆಯನ್ನು ಮುರಿಯಿತು. ಮರುವರ್ಷವೇ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು.

ಈಗ ನೀರಿನ ಲೆಕ್ಕಕ್ಕೆ ಬರೋಣ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ, ಎಂದರೆ ಸುಮಾರು 25 ಮಿಲಿಮೀಟರ್, ಮಳೆ ಬಿದ್ದರೆ ಅದು ಹೆಚ್ಚುಕಡಮೆ ಒಂದು ಲಕ್ಷ ಲೀಟರ್ ನೀರು. ಎರಡು ಅಂಗುಲ ಮಳೆ ಚಿತ್ತೆಯಲ್ಲಿ ಒಂದೇ ಗಂಟೆಯಲ್ಲಿ ಬಿತ್ತೆಂದಿಟ್ಟುಕೊಳ್ಳೋಣ. ನಮ್ಮ ಕೆಂಪು ಮಣ್ಣು ಅಷ್ಟು ಬೇಗ ಅಷ್ಟನ್ನು ಹೀರಲಾರದು, ಬಹುಪಾಲು ಹರಿದುಹೋಗುತ್ತದೆ. ಅದೇ ಎರಡು ಅಂಗುಲ ಸ್ವಾತಿಯಲ್ಲಿ ಎರಡು ದಿನ ಸೋನೆಯಾಗಿ ಬಿದ್ದರೆ ಬಹುಪಾಲು ನೆಲಕ್ಕಿಳಿಯುತ್ತದೆ. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಹರಿದುಹೋಗುವ ಚಿತ್ತೆಯ ನೀರಿಗಾಗಿ ಅವರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುವಂತೆ ಕಾಲುವೆಗಳನ್ನು ತೋಡಿ, ಸಾಲಾಗಿ ಒಂದಕ್ಕೊಂದು ಜೋಡಿಸಿದರು. ಹೊಲವು ಸ್ವಾತಿಯ ನೀರನ್ನು ಉಂಡಿತು; ಕೆರೆಯು ಚಿತ್ತೆಯ ನೀರನ್ನು ಉಂಡಿತು. ಎರಡೂ ಸೇರಿ ಬಾವಿಗಳನ್ನು ಬೇಸಗೆಯವರೆಗೆ ಕಾಪಾಡಿದವು.

ದಾಬಸ್‌ಪೇಟೆಯ ಸುತ್ತಣ ಪ್ರದೇಶ ಇಂತಹ ನೀರಿನ ತವರು. ಶಿವಗಂಗೆಯ ಬೆಟ್ಟದಲ್ಲಿ ಕುಮುದ್ವತಿ ಹುಟ್ಟುತ್ತದೆ. ನೆರೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ, ಜಯಮಂಗಲಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರ ಪಿನಾಕಿನಿಗೆ ಹರಿದರೆ, ಉಳಿದೆರಡರ ನೀರು ಕಾವೇರಿಯ ಕಡೆಗೆ. ಒಂದು ಮೋಡ ನಾಲ್ಕು ಮೈಲಿ ಅತ್ತಿತ್ತ ಸರಿದು ಸುರಿದರೆ ಅದರ ನೀರು ಸೇರುವ ನದಿಯೇ ಬೇರೆಯಾಗುವಂತಹ ನೆಲೆ ಇದು. ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1930ರ ದಶಕದಲ್ಲಿ ಚಾಮರಾಜಸಾಗರವೆಂಬ ಜಲಾಶಯವನ್ನು ಕಟ್ಟಿದರು. ಬೆಂಗಳೂರು ನಗರವು ದಶಕಗಳ ಕಾಲ ಕುಡಿದದ್ದು ಅದರ ನೀರನ್ನು. ಶಿವಗಂಗೆಯ ಮೇಲೆ ಚಿತ್ತೆಯಲ್ಲಿ ಗುಡುಗಿದ ಮೋಡ ಬಸವನಗುಡಿಯ, ಮಲ್ಲೇಶ್ವರದ ಮನೆಗಳ ಕೊಡ ತುಂಬಿಸುತ್ತಿತ್ತೆಂದರೆ ಅದು ಅಲಂಕಾರದ ಮಾತಲ್ಲ.

ಆ ಜಲಾಶಯಕ್ಕೆ ಬರುವ ನೀರು ಕ್ರಮೇಣ ಕುಗ್ಗಿತು. ಬಂದ ನೀರೂ ಮಲಿನವಾಯಿತು. 2012ರ ಸುಮಾರಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತುಹೋಯಿತು. ಮಳೆ ಕಡಿಮೆಯಾದದ್ದರಿಂದ ಹೀಗಾಯಿತೆಂದು ನಂಬಿದವರು ಬಹಳ ಮಂದಿ. ಅರ್ಕಾವತಿಯ ಜಲಾನಯನ ಪ್ರದೇಶವನ್ನು ಪರಿಶೀಲಿಸಿದ ಸಂಶೋಧಕರು ಕಂಡುಕೊಂಡದ್ದು ಬೇರೆ. ಆಕಾಶದ ಲೆಕ್ಕದಲ್ಲಿ ಅಷ್ಟು ದೊಡ್ಡ ಕೊರತೆ ಕಾಣಲಿಲ್ಲ. ಕೊಳವೆ ಬಾವಿಗಳಿಂದ ಅಂತರ್ಜಲವನ್ನು ಬರಿದುಮಾಡಿದ್ದು, ನೀಲಗಿರಿಯ ತೋಪುಗಳು ನೆಲದ ತೇವವನ್ನು ಹೀರಿದ್ದು ಮುಖ್ಯ ಕಾರಣಗಳು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವು ನಿಷೇಧಿಸಿತು. ಆದರೆ ಈ ಭಾಗದಲ್ಲಿ ಹೊಲಗಳು ಕೈಗಾರಿಕಾ ಪ್ರದೇಶಗಳಾಗಿ ಮಾರ್ಪಟ್ಟು, ನೆಲದ ಮೇಲೆ ಕಾಂಕ್ರೀಟು ಹರಡುತ್ತಲೇ ಇದೆ. ಅಂತಹ ನೆಲಕ್ಕೆ ಸ್ವಾತಿಯ ಸೋನೆಯೂ ಚಿತ್ತೆಯ ಬಿರುಮಳೆಯೂ ಒಂದೇ; ಎರಡೂ ಚರಂಡಿಗೆ. ಕೆರೆಯ ಕಾಲುವೆ ಮುಚ್ಚಿದ್ದರೆ ಚರಂಡಿಯ ನೀರು ರಸ್ತೆಗೆ.

ಮಳೆಯನ್ನು ಅಳೆಯುವ ಕೆಲಸ ಈ ಸೀಮೆಗೆ ಹೊಸತಲ್ಲ. 1890ರ ದಶಕದಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸಂಸ್ಥಾನದಲ್ಲಿ ಹವಾ ವೀಕ್ಷಣಾಲಯಗಳು ಸ್ಥಾಪಿತವಾದವು. ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಕುರುಡು ಚಿತ್ತೆಯ ಲೆಕ್ಕಕ್ಕೆ ಅಷ್ಟು ಒತ್ತೊತ್ತಾಗಿ ಮಾಪಕಗಳಿರುವುದು ಅವಶ್ಯ. ತಾಲ್ಲೂಕಿನ ಒಂದು ಮಾಪಕವನ್ನು ನೋಡಿ ಬೆಳೆಯ ನಷ್ಟವನ್ನು ನಿರ್ಧರಿಸಿದರೆ, ಮೋಡ ತಪ್ಪಿದ ಹಳ್ಳಿಯವನಿಗೆ ನ್ಯಾಯ ದೊರೆಯದು. ಆದರೆ ಬಿದ್ದ ನೀರು ಎಲ್ಲಿ ಹೋಯಿತೆಂಬುದನ್ನು ಮಾಪಕ ಹೇಳುವುದಿಲ್ಲ. ಅದನ್ನು ಕಣ್ಣಿನಿಂದಲೇ ನೋಡಬೇಕು.

ಬರುವ ಅಕ್ಟೋಬರಿನಲ್ಲಿ ಬಿಡುವಿದ್ದವರು ಒಂದು ದಿನ ಶಿವಗಂಗೆಗೆ ಹೋಗಬಹುದು. ಒಳಕಲ್ಲು ತೀರ್ಥದಲ್ಲಿ ಬಂಡೆಯೊಳಗಿನ ನೀರಿಗೆ ಕೈಯಿಟ್ಟು ಪುಣ್ಯವನ್ನು ಪರೀಕ್ಷಿಸಿಕೊಳ್ಳುವುದು ಹಳೆಯ ವಾಡಿಕೆ. ಅದಾದ ಮೇಲೆ ಮೇಲೇರಿ ಸುತ್ತಲೂ ದೃಷ್ಟಿ ಹಾಯಿಸಿದರೆ, ರಾಗಿಯ ಹೊಲಗಳೂ ಕೆರೆಯ ಏರಿಗಳೂ ಕಾರ್ಖಾನೆಗಳ ತಗಡಿನ ಮಾಡುಗಳೂ ಒಟ್ಟಿಗೆ ಕಾಣುತ್ತವೆ. ಕೆಳಗೆ ಎಷ್ಟು ಕೆರೆಗಳಲ್ಲಿ ನೀರು ಹೊಳೆಯುತ್ತಿದೆಯೆಂದು ಎಣಿಸಿಕೊಂಡು ಬನ್ನಿ. ಮಧ್ಯಾಹ್ನ ಮೂರು ಗಂಟೆಯ ಮೇಲೆ ಬಿಳಿಯ ಮೋಡ ಉಬ್ಬತೊಡಗಿದರೆ ಬೇಗ ಇಳಿಯುವುದು ಲೇಸು. ಚಿತ್ತೆಯ ಸಿಡಿಲಿಗೆ ಬೆಟ್ಟದ ನೆತ್ತಿ ತಕ್ಕ ಸ್ಥಳವಲ್ಲ.